ಕಾರಿನ ಕೆಳಗೆ ಕಟ್ ಕಟ್ ಸದ್ದು: ಬುಷ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮಳೆಗಾಲ ಮುಗಿಯುತ್ತಿದ್ದ ಹಾಗೆ ಈ ಅಂಕಣಕ್ಕೆ ಒಂದೇ ಥರದ ಪತ್ರಗಳು ಜಾಸ್ತಿ ಬರುತ್ತವೆ. ಗುಂಡಿಗೆ ಇಳಿದರೆ ಕೆಳಗಿಂದ ಸದ್ದು, ಗ್ಯಾರೇಜಿನವರು ಬುಷ್ ಹೋಗಿದೆ ಅಂದರು, ಬದಲಾಯಿಸಿದರೂ ಸದ್ದು ಹೋಗಲಿಲ್ಲ. ಬುಷ್ ಅಂದರೆ ಚಕ್ರವನ್ನು ಹಿಡಿದಿರುವ ಕಬ್ಬಿಣದ ಭಾಗಗಳು ಸೇರುವ ಕಡೆ ಕೂರುವ ರಬ್ಬರ್ ತುಂಡು. ಯಾವ ಬುಷ್ ಅಂತ ಯಾರೂ ಬರೆದಿರುವುದಿಲ್ಲ, ಯಾಕೆಂದರೆ ಅವರಿಗೂ ಯಾರೂ ಹೇಳಿರುವುದಿಲ್ಲ. ಅದಕ್ಕೇ ಈ ಸಲದ ಪುಟ ಪೂರ್ತಿ ಬುಷ್‌ಗೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ (ಹಾಸನ): ನನ್ನದು 2014ರ ಸ್ವಿಫ್ಟ್ ಡೀಸೆಲ್. ಹಂಪ್ ಹತ್ತಿ ಇಳಿಯುವಾಗ ಮುಂದೆ ಎಡಗಡೆ ಟಕ್ ಅಂತ ಸದ್ದು. ಒಂದು ಗ್ಯಾರೇಜಿನಲ್ಲಿ ಲಿಂಕ್ ರಾಡ್ ಬದಲಾಯಿಸಿದರು, ಹೋಗಲಿಲ್ಲ. ಇನ್ನೊಂದು ಕಡೆ ಶಾಕ್ ಅಬ್ಸಾರ್ಬರ್ ಅಂದರು. ಈಗ ಸಸ್ಪೆನ್ಷನ್ ಫ್ರೇಮ್ ಬುಷ್ ಹೋಗಿದೆ, ಫ್ರೇಮ್ ಇಳಿಸಬೇಕು ಅನ್ನುತ್ತಿದ್ದಾರೆ. ಇಳಿಸಲಾ?

ಉತ್ತರ: ಈಗಲೇ ಬೇಡ. ಫ್ರೇಮ್ ಇಳಿಸುವುದು ದೊಡ್ಡ ಕೆಲಸ. ಅದಕ್ಕೆ ಮೊದಲು ಅವರನ್ನು ಒಂದು ಮಾತು ಕೇಳಿ: "ನನ್ನ ಕಾರಿನಲ್ಲಿ ಆ ಬುಷ್ ಇದೆಯಾ? ಪಾರ್ಟ್ ನಂಬರ್ ತೋರಿಸಿ." ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಇಂಜಿನ್ ಕೆಳಗೆ ಅಡ್ಡಕ್ಕೆ ಕೂತಿರುವ ಈ ಫ್ರೇಮ್ ಎಲ್ಲ ಕಾರುಗಳಲ್ಲೂ ಒಂದೇ ರೀತಿ ಕೂತಿರುವುದಿಲ್ಲ. ಸಬ್‌ಫ್ರೇಮ್ ಅನ್ನಿ, ಕ್ರಾಸ್ ಮೆಂಬರ್ ಅನ್ನಿ, ಎಲ್ಲ ಅದೇ. ಎಷ್ಟೋ ಸಣ್ಣ ಕಾರುಗಳಲ್ಲಿ ಅದು ಕಾರಿನ ಬಾಡಿಗೆ ನೇರವಾಗಿ ಬೋಲ್ಟ್ ಆಗಿರುತ್ತದೆ, ಮಧ್ಯೆ ರಬ್ಬರ್ ಇರುವುದೇ ಇಲ್ಲ. ದೊಡ್ಡ ಸೆಡಾನ್‌ಗಳಲ್ಲಿ, ಒಳಗೆ ಸದ್ದು ನಡುಕ ಬರಬಾರದು ಅಂತ, ಅದನ್ನು ದಪ್ಪ ರಬ್ಬರ್ ಬುಷ್‌ಗಳ ಮೇಲೆ ಕೂರಿಸುತ್ತಾರೆ. ಇನ್ನು ಕೆಲವು ಮೆಕ್ಯಾನಿಕ್‌ಗಳು ಫ್ರೇಮಿಗೆ ಬಂದು ಕೂರುವ ಲೋವರ್ ಆರ್ಮ್ (ಚಕ್ರವನ್ನು ಫ್ರೇಮಿಗೆ ಸೇರಿಸುವ ಕೆಳಗಿನ ತೋಳು) ಬುಷ್‌ಗೇ ಫ್ರೇಮ್ ಬುಷ್ ಅನ್ನುತ್ತಾರೆ. ಅದು ಪೂರ್ತಿ ಬೇರೆ ಕೆಲಸ, ಖರ್ಚೂ ಕಡಿಮೆ. ಅವರು ಹೇಳುತ್ತಿರುವುದು ಯಾವುದು ಅನ್ನೋದು ಮೊದಲು ಗೊತ್ತಾಗಲಿ.

ಆಮೇಲೆ ಹುಡುಕುವ ಕೆಲಸ. ಹುಡುಕದೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ನಿಮ್ಮ ದುಡ್ಡಿನಲ್ಲಿ ಅವರು ಊಹೆ ಮಾಡಿದ ಹಾಗೆ. ತಿರುವಿನಲ್ಲಿ ಕಾರು ವಾಲದ ಹಾಗೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಎರಡೂ ಕಡೆಯ ಲಿಂಕ್ ರಾಡ್ ಬಿಚ್ಚಿಸಿ, ಯಾವುದಕ್ಕೂ ತಗುಲದ ಹಾಗೆ ಕಟ್ಟಿಸಿ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒಂದೆರಡು ಹಂಪ್ ಹತ್ತಿಸಿ ನೋಡಿ. ತಿರುವಿನಲ್ಲಿ ಕಾರು ಸ್ವಲ್ಪ ಜಾಸ್ತಿ ವಾಲುತ್ತದೆ, ಹಾಗಾಗಿ ವೇಗ ಬೇಡವೇ ಬೇಡ. ಸದ್ದು ನಿಂತಿತು ಅಂದರೆ ತಪ್ಪು ಲಿಂಕ್‌ನದ್ದು ಅಥವಾ ಆ ಬಾರ್ ಹಿಡಿದಿರುವ ರಬ್ಬರ್‌ನದ್ದು. ನಿಲ್ಲಲಿಲ್ಲ ಅಂದರೆ ಮುಂದಕ್ಕೆ ಹೋಗಿ. ಬಾನೆಟ್ ತೆಗೆದು ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಮೇಲಿನ ಮೌಂಟ್ ಮೇಲೆ ಕೈ ಇಟ್ಟು, ಇನ್ನೊಬ್ಬರಿಗೆ ಸ್ಟೇರಿಂಗ್ ಪೂರ್ತಿ ತಿರುಗಿಸಲು ಹೇಳಿ. ಸ್ಪ್ರಿಂಗ್ ಜಿಗಿದ ಹಾಗೆ ಕೈಗೆ ಏಟು ಬಂದರೆ ಮೌಂಟ್ ಹೋಗಿದೆ. ಅದೂ ಅಲ್ಲ ಅಂದರೆ ಗ್ಯಾರೇಜಿನ ಪಿಟ್ ಮೇಲೆ ಕಾರು ನಿಲ್ಲಿಸಿ, ಲೋವರ್ ಆರ್ಮ್‌ಗೂ ಫ್ರೇಮಿಗೂ ಮಧ್ಯೆ ಉದ್ದದ ಲಿವರ್ ಹಾಕಿ ಮೀಟಬೇಕು. ರಬ್ಬರ್ ಸ್ವಲ್ಪ ಬಗ್ಗುವುದು ಸರಿ. ಆದರೆ ರಬ್ಬರ್ ಒಂದು ಕಡೆ, ಒಳಗಿನ ಕಬ್ಬಿಣದ ಕೊಳವೆ ಇನ್ನೊಂದು ಕಡೆ ಅಂತ ಬಿಟ್ಟುಕೊಂಡು ಓಡಾಡಿದರೆ ಅದು ಮುಗಿದಿದೆ.

ನಾನು ಜಾಸ್ತಿ ನಂಬುವ ಪರೀಕ್ಷೆ ಇನ್ನೊಂದಿದೆ. ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಮುಂದೆ ಹೋಗಿ ಬ್ರೇಕ್, ರಿವರ್ಸ್ ಹೋಗಿ ಬ್ರೇಕ್. ಒಬ್ಬರು ಪಕ್ಕದಲ್ಲಿ ದೂರ ನಿಂತು ಮುಂದಿನ ಚಕ್ರ ಮತ್ತು ಮಡ್‌ಗಾರ್ಡ್ ನಡುವಿನ ಜಾಗವನ್ನೇ ನೋಡುತ್ತಿರಲಿ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ, ರಿವರ್ಸ್‌ನಲ್ಲಿ ಮುಂದಕ್ಕೆ ಕಣ್ಣಿಗೆ ಕಾಣುವಷ್ಟು ಸರಿದರೆ ಆರ್ಮ್‌ನ ಹಿಂದಿನ ಬುಷ್ ಹೋಗಿರುವುದು ಬಹುಪಾಲು ಖಚಿತ.

ಇನ್ನೊಂದು ವಿಷಯ ನೀವು ಬರೆದಿಲ್ಲ. ಇತ್ತೀಚೆಗೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಆಗಿದೆಯಾ? ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾದರೆ ಮೊದಲು ಈ ಫ್ರೇಮ್ ಇಳಿಸಬೇಕು. ವಾಪಸ್ ಹಾಕುವಾಗ ಬೋಲ್ಟ್ ಅಳತೆಗೆ ತಕ್ಕಂತೆ ಬಿಗಿಯದಿದ್ದರೆ ಬುಷ್ ಇಲ್ಲದ ಫ್ರೇಮೂ ಕಟ್ ಅಂತ ಸದ್ದು ಮಾಡುತ್ತದೆ. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಹಾಕಿ ಬಿಗಿದರೆ ಮುಗಿಯಿತು, ಹೊಸ ಪಾರ್ಟೇ ಬೇಡ.

ಪ್ರಶ್ನೆ (ಹುಬ್ಬಳ್ಳಿ): ಲೋವರ್ ಆರ್ಮ್‌ಗೆ ಹೊಸ ಬುಷ್ ಹಾಕಿಸಿದೆ. ಕಂಪನಿಯದ್ದೇ ಪಾರ್ಟ್, ನಾನೇ ತಂದುಕೊಟ್ಟಿದ್ದು. ಆರೇ ತಿಂಗಳಿಗೆ ಹರಿದಿದೆ. ಪಾರ್ಟ್ ಡೂಪ್ಲಿಕೇಟ್ ಇರಬಹುದಾ? ಬುಷ್ ಮಾತ್ರ ಹಾಕಿಸುವ ಬದಲು ಪೂರ್ತಿ ಆರ್ಮ್ ಹಾಕಿಸಬೇಕಿತ್ತಾ?

ಉತ್ತರ: ಡೂಪ್ಲಿಕೇಟ್ ಇರಬಹುದು, ಆದರೆ ನನಗೆ ಮೊದಲು ಅನುಮಾನ ಬರುವುದು ಬಿಗಿದ ರೀತಿಯ ಮೇಲೆ. ಈ ಪುಟದಲ್ಲಿ ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ.

ಬುಷ್ ಅಂದರೆ ಮೂರು ಭಾಗ: ಹೊರಗೆ ಕಬ್ಬಿಣದ ಬಳೆ, ಒಳಗೆ ಕಬ್ಬಿಣದ ಕೊಳವೆ, ನಡುವೆ ಎರಡಕ್ಕೂ ಬಿಸಿಯಲ್ಲಿ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಫ್ರೇಮಿನ ಕಿವಿಗಳ (ಬೋಲ್ಟ್ ತೂರುವ ಎರಡು ತಗಡುಗಳ) ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ, ಅದು ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಈಗ ಯೋಚಿಸಿ. ಕಾರು ಲಿಫ್ಟ್ ಮೇಲಿದೆ, ಚಕ್ರ ಕೆಳಗೆ ನೇತಾಡುತ್ತಿದೆ, ಆರ್ಮ್ ಕೆಳಮುಖವಾಗಿದೆ. ಹುಡುಗ ಗನ್ ಹಿಡಿದು ಬೋಲ್ಟ್ ಅಲ್ಲೇ ಬಿಗಿದುಬಿಡುತ್ತಾನೆ. ಕಾರು ನೆಲಕ್ಕೆ ಇಳಿದ ತಕ್ಷಣ ಆರ್ಮ್ ಮೇಲೆ ಬರುತ್ತದೆ, ರಬ್ಬರ್ ಸುಮ್ನೆ ನಿಂತ ಕಾರಿನಲ್ಲೂ ತಿರುಚಿಕೊಂಡೇ ಇರುತ್ತದೆ. ಹಗಲು ರಾತ್ರಿ ತಿರುಚಿಕೊಂಡೇ ಇದ್ದು, ಅದರ ಮೇಲೆ ಗುಂಡಿ ಬಿದ್ದಾಗ ಇನ್ನಷ್ಟು ತಿರುಚಿದರೆ ಯಾವ ಕಂಪನಿಯ ರಬ್ಬರೂ ತಾಳುವುದಿಲ್ಲ.

ಸರಿಯಾದ ಕ್ರಮ ಇಷ್ಟೇ. ಲಿಫ್ಟ್ ಮೇಲೆ ಬೋಲ್ಟ್‌ಗಳನ್ನು ಕೈಯಲ್ಲಿ ಹತ್ತಿಸಿ, ಅಲುಗಾಡದಷ್ಟು ಮಾತ್ರ ಬಿಗಿಯಿರಿ. ಕಾರನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ. ಮುಂದೆ ಹಿಂದೆ ಸ್ವಲ್ಪ ಉರುಳಿಸಿ, ಬಾನೆಟ್ ಮೇಲೆ ಒತ್ತಿ ಒತ್ತಿ ಬಿಟ್ಟು ಕಾರು ತನ್ನ ಎತ್ತರಕ್ಕೆ ಕೂರಲಿ. ಆಮೇಲೆ ಪಿಟ್‌ಗೆ ಇಳಿದು ಕೊನೆಯ ಬಿಗಿತ ಕೊಡಿ, ಟಾರ್ಕ್ ರೆಂಚ್‌ನಲ್ಲಿ, ಆ ಕಾರಿನ ವರ್ಕ್‌ಶಾಪ್ ಪುಸ್ತಕದಲ್ಲಿ ಇರುವ ಅಳತೆಗೆ. ಪಿಟ್ ಇಲ್ಲದಿದ್ದರೆ ಲಿಫ್ಟ್ ಮೇಲೇ ಆರ್ಮ್ ತುದಿಗೆ ಜಾಕಿ ಕೊಟ್ಟು, ಕಾರು ನೆಲದಲ್ಲಿದ್ದಾಗ ಎಷ್ಟು ಮೇಲಿರುತ್ತದೋ ಅಷ್ಟು ಎತ್ತಿ ಬಿಗಿಯಬಹುದು. ಆ ಎತ್ತರ ಗೊತ್ತಾಗಬೇಕಾದರೆ ಕಾರು ಎತ್ತುವ ಮೊದಲೇ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನ ತನಕ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ.

ಎರಡನೆಯ ಅನುಮಾನ ದಿಕ್ಕಿನದ್ದು. ಹಿಂದಿನ ದೊಡ್ಡ ಬುಷ್‌ನ ರಬ್ಬರ್‌ನಲ್ಲಿ ಎರಡು ಕಡೆ ಖಾಲಿ ಕಿಂಡಿ ಇರುವುದನ್ನು ನೋಡಿರುತ್ತೀರಿ. ಅದು ಉದ್ದೇಶಪೂರ್ವಕವಾಗಿ ಬಿಟ್ಟಿರುವುದು. ಆ ದಿಕ್ಕಿನಲ್ಲಿ ಮೆತ್ತಗೆ, ಇನ್ನೊಂದು ದಿಕ್ಕಿನಲ್ಲಿ ಗಟ್ಟಿ ಇರಲಿ ಅಂತ. ಪ್ರೆಸ್ ಮಾಡುವಾಗ ಕಿಂಡಿ ತಿರುಗಿ ಕೂತರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ. ಹಳೆಯದು ತೆಗೆಯುವ ಮೊದಲೇ ಆರ್ಮ್ ಮೇಲೆ ಪೇಂಟ್‌ನಲ್ಲಿ ಗುರುತು ಹಾಕಿಸಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನು ಆರ್ಮಾ ಬುಷ್ಷಾ ಅನ್ನೋದಕ್ಕೆ ಬರೋಣ. ಆರ್ಮ್ ತುದಿ ಚಕ್ರದ ಕಡೆ ಸೇರುವ ಬಾಲ್ ಜಾಯಿಂಟ್ ಕೂಡ ಹಳೆಯದಾಗಿದ್ದರೆ, ಅದು ಆರ್ಮ್ ಜೊತೆಗೇ ಬರುವಂಥದ್ದಾಗಿದ್ದರೆ, ಪೂರ್ತಿ ಆರ್ಮ್ ಹಾಕಿಸಿ. ಬಾಲ್ ಜಾಯಿಂಟ್ ಗಟ್ಟಿ ಇದ್ದರೆ ಬುಷ್ ಸಾಕು, ಆದರೆ ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಕೊಂಡೊಯ್ಯಿರಿ. ಸುತ್ತಿಗೆಯಲ್ಲಿ ಬಡಿದು ಕೂರಿಸುವವರ ಹತ್ತಿರ ಬೇಡ. ಬಡಿದರೆ ಹೊರಗಿನ ಬಳೆ ಓರೆಯಾಗುತ್ತದೆ, ತಗಡಿನ ಆರ್ಮ್ ಆದರೆ ಅದೂ ಬಾಗುತ್ತದೆ. ಪ್ರೆಸ್‌ನಲ್ಲೂ ಒತ್ತಬೇಕಾದ್ದು ಹೊರಗಿನ ಬಳೆಯ ಅಂಚನ್ನು. ನಡುವಿನ ಕೊಳವೆಯನ್ನು ಒತ್ತಿದರೆ ಗಾಡಿಗೆ ಹತ್ತುವ ಮೊದಲೇ ರಬ್ಬರ್‌ನ ಅಂಟು ಬಿಡುತ್ತದೆ. ಬುಷ್ಷನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಕೂದಲಷ್ಟು ಕುಗ್ಗುತ್ತದೆ, ಕೂರಿಸಲು ಸುಲಭ. ಸೋಪು ನೀರು ಸವರಿ, ಗ್ರೀಸ್ ಬೇಡ.

ಪಾರ್ಟ್ ಬಗ್ಗೆ ಒಂದು ಮಾತು. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ತಗೊಂಡರೂ ನಿಮ್ಮೂರಿನ ಅಂಗಡಿಯಲ್ಲಿ ತಗೊಂಡರೂ ಬಿಲ್ ತಗೊಳ್ಳಿ. ಬುಷ್ ಕೈಯಲ್ಲಿ ಹಿಡಿದು ರಬ್ಬರ್ ಕಬ್ಬಿಣಕ್ಕೆ ಸೇರುವ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಅಲ್ಲೇ ಬಿಟ್ಟುಕೊಂಡಿದ್ದರೆ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ (ಮೈಸೂರು): ಅಪ್ಪಾಜಿ ಇಟ್ಟುಕೊಂಡಿದ್ದ 2004ರ ಬಿಎಂಡಬ್ಲ್ಯು ಇ46 ನನ್ನ ಹತ್ತಿರ ಇದೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಹಿಂದಿನಿಂದ ಧಡ್ ಅಂತ ಸದ್ದು, ತಿರುವಿನಲ್ಲಿ ಹಿಂಭಾಗ ತಾನೇ ಸ್ಟೇರಿಂಗ್ ಮಾಡಿದ ಹಾಗೆ ಅನಿಸುತ್ತದೆ. ಹಿಂದಿನ ಸಬ್‌ಫ್ರೇಮ್ ಬುಷ್ ನಾಲ್ಕೂ ತರಿಸಿದ್ದೇನೆ. ಮನೆಯಲ್ಲಿ ಶೆಡ್ ಇದೆ, ಪಾನಾ ಸೆಟ್ ಇದೆ, ಸ್ನೇಹಿತನೂ ಇದ್ದಾನೆ. ನಾವೇ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಆತುರ ಇಲ್ಲದಿದ್ದರೆ ಮಾತ್ರ. ಮತ್ತು ಬುಷ್ ತೆಗೆಯುವ ಪುಲ್ಲರ್ ಇಲ್ಲದೆ ಶುರುವೇ ಮಾಡಬೇಡಿ.

ಮೊದಲು ಬೇರೆ ಬುಷ್‌ಗಳನ್ನು ನೋಡಿ. ಹಿಂಭಾಗ ತಾನೇ ತಿರುಗಿದ ಹಾಗೆ ಅನಿಸುವುದಕ್ಕೆ ಈ ಕಾರಿನಲ್ಲಿ ಸಾಮಾನ್ಯ ಕಾರಣ ಟ್ರೇಲಿಂಗ್ ಆರ್ಮ್‌ನ (ಹಿಂದಿನ ಚಕ್ರವನ್ನು ಹಿಡಿದಿರುವ ಉದ್ದನೆಯ ತೋಳು) ಮುಂದಿನ ಬುಷ್, ಸಬ್‌ಫ್ರೇಮ್‌ನದ್ದಲ್ಲ. ಧಡ್ ಅನ್ನುವ ಸದ್ದು ಡಿಫರೆನ್ಷಿಯಲ್‌ನ (ಇಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಬುಷ್‌ನಿಂದಲೂ ಬರುತ್ತದೆ. ಹೇಗೂ ಫ್ರೇಮ್ ಇಳಿಸುತ್ತೀರಲ್ಲ, ಮೂರನ್ನೂ ನೋಡಿಕೊಂಡು ಬೇಕಾದ್ದನ್ನು ಒಟ್ಟಿಗೆ ಹಾಕಿ.

ಅದಕ್ಕಿಂತ ಮುಖ್ಯವಾದದ್ದು ನೆಲದ ತಗಡು. ಇ46ನಲ್ಲಿ ಸಬ್‌ಫ್ರೇಮ್ ಬೋಲ್ಟ್ ಆಗುವ ಜಾಗದ ಸುತ್ತ ಬಾಡಿಯ ತಗಡು ಬಿರುಕು ಬಿಡುವುದು ಪ್ರಪಂಚದಾದ್ಯಂತ ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ವಿಷಯ. ಹೊಸ ಬುಷ್ ಹಾಕುವ ಮೊದಲು ಆ ನಾಲ್ಕೂ ಜಾಗದ ಮಣ್ಣು ಮತ್ತು ಅಂಡರ್ ಕೋಟಿಂಗ್ ಕೆರೆದು, ಟಾರ್ಚ್ ಹಿಡಿದು, ಬೆಸುಗೆಯ ಚುಕ್ಕಿಗಳ ಸುತ್ತ ಕೂದಲೆಳೆ ಬಿರುಕು ಇದೆಯಾ ನೋಡಿ. ಬಿರುಕು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ. ಫ್ರೇಮ್ ಪೂರ್ತಿ ತೆಗೆದು, ಬಿರುಕು ಬೆಸೆದು, ಮೇಲೆ ಬಲವರ್ಧನೆಯ ಪ್ಲೇಟ್ ಕೂರಿಸಬೇಕು. ಅದು ಬಾಡಿ ಕೆಲಸ ಚೆನ್ನಾಗಿ ಬಲ್ಲವರ ಕೆಲಸ. ಬಿರುಕು ಬಿಟ್ಟ ತಗಡಿನ ಮೇಲೆ ಹೊಸ ಬುಷ್ ಹಾಕುವುದು ದುಡ್ಡು ದಂಡ.

ತಗಡು ಚೆನ್ನಾಗಿದ್ದರೆ ಮುಂದುವರಿಯಿರಿ. ಕಾರು ಗಟ್ಟಿ ಕಾಂಕ್ರೀಟ್ ನೆಲದ ಮೇಲೆ ಇರಲಿ. ಬಾಡಿಯ ಜಾಕ್ ಪಾಯಿಂಟ್‌ಗಳಿಗೆ ಆಕ್ಸಲ್ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ, ಇಟ್ಟಿಗೆ ಅಂತೂ ಬೇಡವೇ ಬೇಡ, ಅದು ಒಡೆಯುವ ಮೊದಲು ಸುಳಿವು ಕೊಡುವುದಿಲ್ಲ. ಬೋಲ್ಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಫ್ರೇಮ್ ಈಗ ಬಾಡಿಗೆ ಎಲ್ಲಿ ಕೂತಿದೆ ಅನ್ನೋದನ್ನು ಪೇಂಟ್‌ನಲ್ಲಿ ಗುರುತು ಮಾಡಿ, ಅದೇ ಜಾಗಕ್ಕೆ ವಾಪಸ್ ಬರಬೇಕು. ಸೈಲೆನ್ಸರ್‌ನ ಹಿಂಭಾಗ ಇಳಿಸಿ. ಬ್ರೇಕ್ ಹೋಸ್, ಎಬಿಎಸ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಎಷ್ಟು ಸಡಿಲ ಕೊಡುತ್ತವೆ ಅಂತ ಕೈಯಲ್ಲಿ ಎಳೆದು ನೋಡಿ, ಕಡಿಮೆ ಅನಿಸಿದರೆ ಕ್ಲಿಪ್ ಬಿಡಿಸಿ. ಡಿಫರೆನ್ಷಿಯಲ್ ಕೆಳಗೆ ಮರದ ತುಂಡು ಇಟ್ಟು ಟ್ರಾಲಿ ಜಾಕಿ ಕೊಟ್ಟ ಮೇಲೆಯೇ ಬೋಲ್ಟ್ ಮುಟ್ಟಬೇಕು. ಹಿಂದಿನ ಸ್ಪ್ರಿಂಗ್‌ಗಳ ಬಲ ಎಲ್ಲಿ ನಿಂತಿದೆ ಅನ್ನೋದು ಅರ್ಥವಾಗದೆ ಶಾಕ್ ಅಬ್ಸಾರ್ಬರ್ ಬಿಚ್ಚಬೇಡಿ. ಒತ್ತಿಕೊಂಡಿರುವ ಸ್ಪ್ರಿಂಗ್ ಹಾರಿದರೆ ಪ್ರಾಣಕ್ಕೆ ಅಪಾಯ.

ಒಂದೊಂದು ಕಡೆಯಾಗಿ ಇಳಿಸಿದರೆ ಇನ್ನೊಂದು ಕಡೆಯ ಬೋಲ್ಟ್‌ಗಳು ಫ್ರೇಮನ್ನು ಜಾಗದಲ್ಲೇ ಹಿಡಿದಿರುತ್ತವೆ. ಆಮೇಲೆ ಪುಲ್ಲರ್ ಹಾಕಿ ಹಳೆಯ ಬುಷ್ ಎಳೆಯಿರಿ. ಬಹಳ ಜನ ಇಲ್ಲಿ ಗ್ಯಾಸ್ ಕಟ್ಟರ್ ಹಿಡಿದು ರಬ್ಬರ್ ಸುಟ್ಟು ತೆಗೆಯುತ್ತಾರೆ. ದಯವಿಟ್ಟು ಬೇಡ. ಹತ್ತಿರದಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ, ರಬ್ಬರ್ ಹೊಗೆಯೂ ವಿಷ. ಹೊರಗಿನ ಬಳೆ ತುಕ್ಕು ಹಿಡಿದು ಅಲುಗದಿದ್ದರೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ, ಬಳೆಯನ್ನು ಮಾತ್ರ ಉದ್ದಕ್ಕೆ ಸೀಳಿ, ಫ್ರೇಮಿಗೆ ತಾಗುವ ಮೊದಲು ನಿಲ್ಲಿಸಿ, ಉಳಿಯಿಂದ ಒಳಕ್ಕೆ ಮಡಿಸಿದರೆ ಬರುತ್ತದೆ. ರಂಧ್ರವನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ನುಣ್ಣಗೆ ಮಾಡಿ, ಗುರುತಿನ ಗೆರೆ ನೋಡಿ ಹೊಸದನ್ನು ಎಳೆದು ಕೂರಿಸಿ.

ಫ್ರೇಮ್ ಮೇಲೆ ಬಂದ ಮೇಲೆ ನಾಲ್ಕೂ ಬೋಲ್ಟ್ ಕೈಯಲ್ಲೇ ಹತ್ತಿಸಿ, ಗುರುತು ಕೂಡಿಸಿ, ಆಮೇಲೆ ಟಾರ್ಕ್ ರೆಂಚ್. ಹುಬ್ಬಳ್ಳಿಯವರಿಗೆ ಹೇಳಿದ ನೆಲದ ಮೇಲೆ ಬಿಗಿಯುವ ನಿಯಮ ಫ್ರೇಮ್ ಬುಷ್‌ಗೆ ಅಷ್ಟಾಗಿ ಬೇಡ, ಯಾಕೆಂದರೆ ಫ್ರೇಮ್ ಆರ್ಮ್‌ನ ಹಾಗೆ ಮೇಲೆ ಕೆಳಗೆ ತಿರುಗುವುದಿಲ್ಲ. ಆದರೆ ಅದೇ ಸಮಯದಲ್ಲಿ ಟ್ರೇಲಿಂಗ್ ಆರ್ಮ್ ಬುಷ್ ಹಾಕಿದರೆ ಅದಕ್ಕೆ ಎತ್ತರದ ಲೆಕ್ಕ ಕಡ್ಡಾಯ.

ಮುಂದಿನ ಫ್ರೇಮ್ ಇಳಿಸುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚಿನ ಕಾರುಗಳಲ್ಲಿ ಸ್ಟೇರಿಂಗ್ ರ‍್ಯಾಕ್ ಆ ಫ್ರೇಮಿನ ಮೇಲೇ ಇರುತ್ತದೆ, ಇಂಜಿನ್‌ನ ಒಂದು ಮೌಂಟ್ ಕೂಡ ಅದಕ್ಕೇ ಕೂತಿರುತ್ತದೆ. ಇಂಜಿನ್‌ಗೆ ಮೇಲಿಂದ ಆಧಾರ ಕೊಡಿ. ಸ್ಟೇರಿಂಗ್ ನೇರ ಇಟ್ಟು ಅಲುಗದ ಹಾಗೆ ಕಟ್ಟಿ. ರ‍್ಯಾಕ್‌ನಿಂದ ಬಿಡಿಸಿದ ಸ್ಟೇರಿಂಗ್ ಸುತ್ತಿಕೊಂಡರೆ ಒಳಗಿನ ಏರ್‌ಬ್ಯಾಗ್ ಕೇಬಲ್ ಹರಿಯುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಟುಕೊಂಡವರು ಇನ್ನೊಂದು ಗಮನಿಸಿ: ಟಾರ್ಕ್ ಕೊಟ್ಟ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಪುಸ್ತಕದಲ್ಲಿ ಇರುವ ಬೋಲ್ಟ್‌ಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬಾರದು. ಅವು ಬಿಗಿಯುವಾಗಲೇ ಸ್ವಲ್ಪ ಹಿಗ್ಗಿರುತ್ತವೆ. ಹೊಸದನ್ನೇ ಹಾಕಿ.

ಪ್ರಶ್ನೆ (ಕಾರವಾರ): ಲೋವರ್ ಆರ್ಮ್ ಬೋಲ್ಟ್ ಬಿಚ್ಚಲು ಹೋದರೆ ನಟ್ ಬಂತು, ಬೋಲ್ಟ್ ಬರುತ್ತಿಲ್ಲ. ತಿರುಗಿಸಿದರೆ ರಬ್ಬರ್ ಸಮೇತ ತಿರುಗುತ್ತದೆ. ಮೆಕ್ಯಾನಿಕ್ ಕೈ ಎತ್ತಿದ್ದಾರೆ.

ಉತ್ತರ: ಸಮುದ್ರದ ಗಾಳಿಯ ಊರುಗಳಲ್ಲಿ ಇದು ಮಾಮೂಲು. ಬೋಲ್ಟ್ ಮತ್ತು ಬುಷ್‌ನ ಒಳಕೊಳವೆ ತುಕ್ಕು ಹಿಡಿದು ಒಂದೇ ಆಗಿವೆ. ಬುಷ್ ಹೇಗೂ ಹೋಗುವುದೇ, ಹಾಗಾಗಿ ಸ್ಪ್ರೇ ಧಾರಾಳವಾಗಿ ಹೊಡೆಯಿರಿ, ಒಂದು ರಾತ್ರಿ ಬಿಡಿ. ಆಗಲೂ ಬರದಿದ್ದರೆ ಕತ್ತರಿಸುವುದೊಂದೇ ದಾರಿ. ಫ್ರೇಮಿನ ಕಿವಿಗೂ ಬುಷ್‌ಗೂ ಮಧ್ಯೆ ಇರುವ ಸಂದಿಯಲ್ಲಿ ತೆಳು ಬ್ಲೇಡ್ ಹಾಕಿ ಎರಡೂ ಕಡೆ ಕೊಯ್ದರೆ ಆರ್ಮ್ ಕೆಳಗೆ ಬೀಳುತ್ತದೆ. ಕಿವಿಗೆ ಗಾಯ ಆಗದ ಹಾಗೆ ನೋಡಿಕೊಳ್ಳಿ. ಹೊಸ ಬೋಲ್ಟ್ ಮೊದಲೇ ತರಿಸಿಟ್ಟುಕೊಂಡಿರಿ, ಅದು ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ಆಗಬಾರದು. ಹಾಕುವಾಗ ಕೊಳವೆಯೊಳಗೆ ಹೋಗುವ ನುಣುಪು ಭಾಗಕ್ಕೆ ಮಾತ್ರ ತುಕ್ಕು ತಡೆಯುವ ಪೇಸ್ಟ್ ತೆಳ್ಳಗೆ ಸವರಿ. ಥ್ರೆಡ್‌ಗೆ ಸವರಿದರೆ ಟಾರ್ಕ್ ಲೆಕ್ಕ ತಪ್ಪುತ್ತದೆ. ಮುಂದಕ್ಕೆ, ಮಳೆಗಾಲದ ನಂತರ ಒಮ್ಮೆ ಸಿಹಿನೀರಿನಲ್ಲಿ ಕಾರಿನ ಅಡಿಭಾಗ ತೊಳೆಸಿ.

ಪ್ರಶ್ನೆ (ದಾವಣಗೆರೆ): ವಾಟರ್ ಸರ್ವಿಸ್ ಮಾಡಿಸಿದಾಗ ಕೊನೆಯಲ್ಲಿ ಕೆಳಗೆಲ್ಲ ಡೀಸೆಲ್ ಸ್ಪ್ರೇ ಹೊಡೆಯುತ್ತಾರೆ. ಕಿರ್ ಕಿರ್ ಸದ್ದು ಕಡಿಮೆ ಆಗುತ್ತದೆ. ಒಳ್ಳೆಯದೇ ಅಲ್ವಾ?

ಉತ್ತರ: ಒಳ್ಳೆಯದಲ್ಲ, ನಿಲ್ಲಿಸಲು ಹೇಳಿ. ಸಸ್ಪೆನ್ಷನ್ ಬುಷ್‌ಗೆ ಹೆಚ್ಚಾಗಿ ಬಳಸುವುದು ನೈಸರ್ಗಿಕ ರಬ್ಬರ್. ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಬೆಳಗಾಗೆದ್ದು ಮರ ಕೆತ್ತಿ ಹಾಲು ಹಿಡಿಯುತ್ತಾರಲ್ಲ, ಆ ಜಾತಿಯ ರಬ್ಬರ್. ಲಕ್ಷಾಂತರ ಸಲ ತಿರುಚಿದರೂ ಹರಿಯದ ಗುಣ ಅದರಲ್ಲಿದೆ. ಆದರೆ ಡೀಸೆಲ್, ಇಂಜಿನ್ ಆಯಿಲ್ ಅಂದರೆ ಅದಕ್ಕೆ ಆಗುವುದಿಲ್ಲ. ಎಣ್ಣೆ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕಬ್ಬಿಣದಿಂದ ಬಿಡುತ್ತದೆ. ಸದ್ದು ಒಂದು ವಾರ ಕಡಿಮೆ ಆಗುವುದು ನಿಜ. ಅಷ್ಟರಲ್ಲಿ ಧೂಳು ಅಂಟಿ ಮತ್ತೆ ಶುರು.

ಈ ಅಭ್ಯಾಸ ಎಲ್ಲಿಂದ ಬಂತು ಅನ್ನೋದು ನನಗೆ ಅರ್ಥವಾಗುತ್ತದೆ. ಅಂಬಾಸಿಡರ್ ಕಾಲದ ಗಾಡಿಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು, ಗನ್‌ನಲ್ಲಿ ಗ್ರೀಸ್ ತುಂಬಲೇಬೇಕಿತ್ತು. ಕಬ್ಬಿಣದ ಮೇಲೆ ಕಬ್ಬಿಣ ತಿರುಗುವ ಜಾಗಕ್ಕೆ ಎಣ್ಣೆ ಬೇಕು. ಅಂಟಿಸಿದ ರಬ್ಬರ್ ಎಲ್ಲೂ ಉಜ್ಜುವುದೇ ಇಲ್ಲವಲ್ಲ, ಅದಕ್ಕೆ ಎಣ್ಣೆ ಯಾಕೆ? ಸದ್ದು ಎಲ್ಲಿಂದ ಅಂತ ಹುಡುಕಲು ಬೇಕಿದ್ದರೆ ಸಿಲಿಕಾನ್ ಸ್ಪ್ರೇಯನ್ನು ಒಂದೊಂದೇ ಬುಷ್‌ಗೆ ಹೊಡೆದು ನೋಡಿ. ಅದು ರಬ್ಬರ್‌ಗೆ ತೊಂದರೆ ಮಾಡುವುದಿಲ್ಲ. ಮತ್ತೆ, ಡೀಸೆಲ್ ಬಿಸಿ ಸೈಲೆನ್ಸರ್ ಮೇಲೂ ಬ್ರೇಕ್ ಡಿಸ್ಕ್ ಮೇಲೂ ಬೀಳುತ್ತದೆ ಅನ್ನೋದು ಬೇರೆಯೇ ಚಿಂತೆ.

ಪ್ರಶ್ನೆ (ಚಿಕ್ಕಮಗಳೂರು): ಎಸ್ಟೇಟ್ ರಸ್ತೆಯಲ್ಲಿ ದಿನಾ ಓಡಾಟ. ರಬ್ಬರ್ ಬುಷ್ ನಿಲ್ಲುತ್ತಿಲ್ಲ. ಪಾಲಿಯುರೆಥೇನ್ (ರಬ್ಬರ್‌ಗಿಂತ ಗಟ್ಟಿಯಾದ ಪ್ಲಾಸ್ಟಿಕ್) ಬುಷ್ ಹಾಕಿಸಿದರೆ ಜೀವನಪೂರ್ತಿ ಬರುತ್ತದೆ ಅನ್ನುತ್ತಾರೆ.

ಉತ್ತರ: ಸ್ಟೆಬಿಲೈಸರ್ ಬಾರ್‌ಗೆ ಹಾಕಿಸಿ, ತೊಂದರೆ ಇಲ್ಲ. ಲೋವರ್ ಆರ್ಮ್‌ನ ಹಿಂದಿನ ಬುಷ್‌ಗೆ, ಸಬ್‌ಫ್ರೇಮ್‌ಗೆ ನಾನು ಬೇಡ ಅನ್ನುತ್ತೇನೆ. ಪಾಲಿ ಬುಷ್ ಗಟ್ಟಿ. ಕಲ್ಲಿನ ರಸ್ತೆಯ ಏಟೆಲ್ಲ ನೇರ ಬಾಡಿಗೆ, ಅಲ್ಲಿಂದ ನಿಮ್ಮ ಸೊಂಟಕ್ಕೆ. ರಬ್ಬರ್ ಎಲ್ಲ ದಿಕ್ಕಿಗೂ ಸ್ವಲ್ಪ ಸ್ವಲ್ಪ ಬಗ್ಗುತ್ತದೆ, ಕೆಲವು ಆರ್ಮ್‌ಗಳಿಗೆ ಆ ಬಗ್ಗುವಿಕೆ ಬೇಕೇ ಬೇಕು. ಗಟ್ಟಿ ಬುಷ್ ಅದನ್ನು ತಡೆದರೆ ಬಲವೆಲ್ಲ ಆರ್ಮ್ ಮೇಲೆ, ಫ್ರೇಮಿನ ಕಿವಿ ಮೇಲೆ. ಪಾಲಿಯಲ್ಲಿ ಒಳಕೊಳವೆ ಜಾರಿ ತಿರುಗುತ್ತದೆ, ಹಾಗಾಗಿ ಅದರ ಜೊತೆ ಬರುವ ಸಿಲಿಕಾನ್ ಗ್ರೀಸ್ ಆಗಾಗ ಹಾಕದಿದ್ದರೆ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ನಿಮ್ಮಂಥ ರಸ್ತೆಗೆ ಕಂಪನಿಯ ರಬ್ಬರ್, ಸರಿಯಾದ ಎತ್ತರದಲ್ಲಿ ಬಿಗಿದದ್ದು, ಟಯರ್‌ಗೆ ಸರಿಯಾದ ಗಾಳಿ. ಜೊತೆಗೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆಯಾ ನೋಡಿಸಿ. ಶಾಕ್ ಹೋಗಿದ್ದರೆ ಹೊಸ ಬುಷ್ ಎಷ್ಟು ಹಾಕಿದರೂ ಹರಿಯುತ್ತಲೇ ಇರುತ್ತದೆ.

ಪ್ರಶ್ನೆ (ಜರ್ಮನಿಯ ಸ್ಟುಟ್‌ಗಾರ್ಟ್): ಇಲ್ಲಿನ ಎರಡು ವರ್ಷದ ಕಡ್ಡಾಯ ತಪಾಸಣೆಯಲ್ಲಿ ನನ್ನ ಹಳೆಯ ಗಾಲ್ಫ್ ಕಾರು ಫೇಲ್ ಆಗಿದೆ. ಎಡ ಲೋವರ್ ಆರ್ಮ್‌ನ ಹಿಂದಿನ ಬುಷ್ ಅಂತ ಬರೆದಿದ್ದಾರೆ. ವರ್ಕ್‌ಶಾಪ್‌ನವರು ಎರಡೂ ಕಡೆ ಬದಲಾಯಿಸಬೇಕು ಅನ್ನುತ್ತಾರೆ. ಮೋಸಾನಾ?

ಉತ್ತರ: ಮೋಸ ಅಲ್ಲ. ಎರಡೂ ಒಂದೇ ವಯಸ್ಸಿನವು, ಒಂದೇ ರಸ್ತೆ ಕಂಡವು. ಒಂದು ಹೊಸದು ಒಂದು ಹಳೆಯದು ಆದರೆ ಬ್ರೇಕ್ ಒತ್ತಿದಾಗ ಹಳೆಯ ಕಡೆಯ ಚಕ್ರ ಜಾಸ್ತಿ ಸರಿದು ಕಾರು ಒಂದು ಬದಿಗೆ ಎಳೆಯಬಹುದು. ಮರುತಪಾಸಣೆಗೆ ಒಂದು ತಿಂಗಳ ಅವಧಿ ಇರುತ್ತದೆ, ಅಷ್ಟರಲ್ಲಿ ಮುಗಿಸಿ. ಚಳಿಗಾಲದಲ್ಲಿ ಅಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಹಾಗಾಗಿ ಕಾರವಾರದವರಿಗೆ ಬರೆದ ಬೋಲ್ಟ್ ವಿಷಯ ನಿಮಗೂ ಸೇರಿದ್ದು.

ನಿಮ್ಮ ಪತ್ರ ಓದಿ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಟ್ಯಾಕ್ಸಿಗಳಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಇದೆ. ಸ್ವಂತ ಕಾರಿಗೆ ಮಾತ್ರ ನೋಂದಣಿಯ 15 ವರ್ಷ ಮುಗಿಯುವ ತನಕ ಯಾರೂ ಕೆಳಗೆ ಬಗ್ಗಿ ನೋಡುವುದಿಲ್ಲ. ಅಷ್ಟು ವರ್ಷ ಆ ರಬ್ಬರ್‌ಗಳ ಸ್ಥಿತಿ ನೋಡಬೇಕಾದವರು ಕಾರಿನ ಮಾಲೀಕರೇ. ಟಯರ್ ಬದಲಾಯಿಸುವಾಗಲಾದರೂ ಒಮ್ಮೆ ನೋಡಿಸಿ ಅಂತ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಮೇಲ್ಮೈಯಲ್ಲಿ ಸಣ್ಣ ಗೀರು ಇದ್ದರೆ ಹೆದರಬೇಡಿ, ವಯಸ್ಸಾದ ರಬ್ಬರ್‌ಗೆ ಅದು ಸಹಜ. ರಬ್ಬರ್ ಕಬ್ಬಿಣದಿಂದ ಬೇರೆಯಾಗಿದ್ದರೆ, ಬಿರುಕು ಆಚೆಯಿಂದ ಈಚೆಗೆ ತೂರಿದ್ದರೆ, ಬುಷ್‌ನಿಂದ ಕಪ್ಪು ದ್ರವ ಸೋರಿದ್ದರೆ ತಡ ಮಾಡಬೇಡಿ. ದ್ರವ ತುಂಬಿದ ಬುಷ್‌ಗಳೂ ಇರುತ್ತವೆ, ಸೋರಿದರೆ ಅವುಗಳ ಕೆಲಸ ಮುಗಿಯಿತು.

ಪ್ರಶ್ನೆ (ಶಿರಸಿ): ಹಳೆಯ ಸ್ಕಾರ್ಪಿಯೊ. ಮಣ್ಣು ರಸ್ತೆಯಲ್ಲಿ ಒಂದು ಚಕ್ರ ಮೇಲೆ ಹತ್ತಿದರೆ ಸೀಟಿನ ಕೆಳಗೇ ಕಟಕ್ ಅನ್ನುತ್ತದೆ. ಸಸ್ಪೆನ್ಷನ್ ಎಲ್ಲ ಹೊಸದು.

ಉತ್ತರ: ನಿಮ್ಮದು ಲ್ಯಾಡರ್ ಫ್ರೇಮ್ ಗಾಡಿ. ಅಂದರೆ ಬಾಡಿ ಬೇರೆ, ಚಾಸಿ ಬೇರೆ, ಮಧ್ಯೆ ಬಾಡಿ ಮೌಂಟ್ ಅನ್ನುವ ರಬ್ಬರ್‌ಗಳು. ಅವು ಚಪ್ಪಟೆಯಾಗಿರಬೇಕು ಅಥವಾ ಬೋಲ್ಟ್ ಸಡಿಲವಾಗಿರಬೇಕು. ಮೊದಲು ಬಿಗಿಸಿ ನೋಡಿ. ಬದಲಾಯಿಸುವುದಾದರೆ ಪೂರ್ತಿ ಸೆಟ್ ಹಾಕಿಸಿ. ಒಂದು ಕಡೆಯ ಬೋಲ್ಟ್ ತೆಗೆದು, ಇನ್ನೊಂದು ಕಡೆಯದ್ದು ಸಡಿಲ ಮಾಡಿ, ಬಾಡಿಯನ್ನು ಮರದ ಹಲಗೆ ಇಟ್ಟು ನಿಧಾನ ಎತ್ತಬೇಕು. ಎತ್ತುವಾಗ ಸ್ಟೇರಿಂಗ್ ಶಾಫ್ಟ್, ರೇಡಿಯೇಟರ್ ಫ್ಯಾನ್ ಕವರ್, ಡೀಸೆಲ್ ತುಂಬುವ ಪೈಪ್, ಅರ್ಥಿಂಗ್ ವೈರ್ ಎಳೆಯುತ್ತಿವೆಯಾ ಅಂತ ಒಬ್ಬರು ನೋಡುತ್ತಲೇ ಇರಬೇಕು.

ಪ್ರಶ್ನೆ (ಕಲಬುರಗಿ): ಬುಷ್ ಹಾಕಿಸಿ ವೀಲ್ ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ. ಕಾರು ಇನ್ನೂ ಎಡಕ್ಕೆ ಎಳೆಯುತ್ತದೆ.

ಉತ್ತರ: ಮುಂದಿನ ಎರಡು ಟಯರ್ ಅದಲು ಬದಲು ಮಾಡಿ ಓಡಿಸಿ. ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟಯರ್‌ನದ್ದು. ಟಯರ್‌ನಲ್ಲಿ ಬಾಣದ ಗುರುತು ಇದ್ದರೆ ಮಾತ್ರ ಹೀಗೆ ಬದಲಾಯಿಸಬೇಡಿ. ಎಳೆತ ತಿರುಗದಿದ್ದರೆ ಅಲೈನ್‌ಮೆಂಟ್ ಪ್ರಿಂಟ್ ತೆಗೆದು ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಸಂಖ್ಯೆ ನೋಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಅಲೈನ್‌ಮೆಂಟ್‌ನವರು ಮುಂದೆ ಸರಿ ಮಾಡಲು ಆಗುವುದು ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದೇ. ಕ್ಯಾಂಬರ್ ಒಂದು ಕಡೆ ಮೈನಸ್ ಕಡೆಗೆ ಜಾಸ್ತಿ, ಇನ್ನೊಂದು ಕಡೆ ಅಷ್ಟೇ ಪ್ಲಸ್ ಕಡೆಗೆ ಹೋಗಿದ್ದರೆ ಬುಷ್ ಹಾಕುವಾಗ ಫ್ರೇಮ್ ಪಕ್ಕಕ್ಕೆ ಸರಿದು ಕೂತಿದೆ ಅಂತ ಅನುಮಾನ ಪಡಬೇಕು, ಯಾಕೆಂದರೆ ಫ್ರೇಮ್ ಸರಿದರೆ ಎರಡೂ ಲೋವರ್ ಆರ್ಮ್ ಒಂದೇ ಬದಿಗೆ ಹೋಗುತ್ತವೆ. ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಫ್ರೇಮನ್ನು ಮಧ್ಯಕ್ಕೆ ತಂದು, ಬಿಗಿದು, ಆಮೇಲೆ ಟೋ ನೋಡಿಸಿ. ಅಲೈನ್‌ಮೆಂಟ್‌ನ ಮೊದಲಿನ ಮತ್ತು ನಂತರದ ಎರಡೂ ಪ್ರಿಂಟ್ ಕಳಿಸಿಕೊಡಿ, ನೋಡಿ ಬರೆಯುತ್ತೇನೆ.